ಟಾಸ್ಮನ್ ಸರಣಿ: ಹಳೇ ಎಂಜಿನ್‌ಗಳ ಹೊಸ ಓಟ

ಕೇಳುಗರಿಗೆ ನಮಸ್ಕಾರ. 1960ರ ದಶಕದಲ್ಲಿ ಫಾರ್ಮುಲಾ ಒನ್‌ನ ದೊಡ್ಡ ದೊಡ್ಡ ಚಾಲಕರು ಜನವರಿ ಬಂತೆಂದರೆ ಎಲ್ಲಿರುತ್ತಿದ್ದರು ಗೊತ್ತಾ? ನ್ಯೂಜಿಲೆಂಡ್‌ನಲ್ಲಿ, ಆಮೇಲೆ ಆಸ್ಟ್ರೇಲಿಯಾದಲ್ಲಿ. ಯುರೋಪಿನಲ್ಲಿ ಚಳಿಗೆ ರೇಸ್ ಬಂದ್, ಅಲ್ಲಿ ಮಾತ್ರ ಸುಡು ಬೇಸಿಗೆ. ಎರಡು ದೇಶಗಳ ನಡುವಿನ ಸಮುದ್ರದ ಹೆಸರನ್ನೇ ಹೊತ್ತ ಟಾಸ್ಮನ್ ಸರಣಿ ಶುರುವಾಗಿದ್ದು 1964ರಲ್ಲಿ.

ಇದರ ನಿಯಮ ಹುಟ್ಟಿದ ರೀತಿಯೇ ಮಜವಾಗಿದೆ. 1961ರಲ್ಲಿ ಫಾರ್ಮುಲಾ ಒನ್ ತನ್ನ ಎಂಜಿನ್ ಗಾತ್ರದ ಮಿತಿಯನ್ನು 2.5 ಲೀಟರ್‌ನಿಂದ 1.5ಕ್ಕೆ ಇಳಿಸಿತು. ಯುರೋಪಿನಲ್ಲಿ ಕೆಲಸವಿಲ್ಲದಂತಾದ ಬ್ರಿಟನ್ನಿನ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ 2.5 ಲೀಟರ್ ಎಂಜಿನ್‌ಗಳು ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕಡೆ ಇನ್ನೂ ಚೆನ್ನಾಗಿಯೇ ಓಡುತ್ತಿದ್ದವು, ಹಾಗಾಗಿ ಟಾಸ್ಮನ್‌ನವರು 2.5 ಲೀಟರನ್ನೇ ಉಳಿಸಿಕೊಂಡರು. ಮೊದಲ ಚಾಂಪಿಯನ್ ನ್ಯೂಜಿಲೆಂಡ್‌ನವನೇ ಆದ ಬ್ರೂಸ್ ಮೆಕ್‌ಲಾರೆನ್. ಆ ಸರಣಿಗೆಂದೇ ಎರಡು ಕೂಪರ್ ಕಾರು ತಯಾರು ಮಾಡಿಸಿಕೊಂಡು ಅವನು ಕಟ್ಟಿದ ಪುಟ್ಟ ತಂಡವೇ ಇವತ್ತಿನ ಮೆಕ್‌ಲಾರೆನ್ ಫಾರ್ಮುಲಾ ಒನ್ ತಂಡ! ಆದರೆ ಅದೇ ವರ್ಷ ಲಾಂಗ್‌ಫರ್ಡ್‌ನ ಅಭ್ಯಾಸದ ಓಟದಲ್ಲಿ ಅವನ ಜೊತೆಗಾರ ಟಿಮ್ಮಿ ಮೇಯರ್ ಸತ್ತುಹೋದ. ಟಾಸ್ಮೇನಿಯಾದ ಆ ಲಾಂಗ್‌ಫರ್ಡ್ ಇದೆಯಲ್ಲ, ಅದು ಊರಿನ ಮಾಮೂಲಿ ರಸ್ತೆ. ರೈಲು ಹಳಿ ದಾಟಬೇಕು, ಮರದ ಸೇತುವೆ ಮೇಲೆ ಹೋಗಬೇಕು. ಈಗ ಯಾರಾದರೂ ಬಿಡ್ತಾರಾ?

ಹಳೇ ಕ್ಲೈಮ್ಯಾಕ್ಸ್ ಎಂಜಿನ್ ಸವೆಯುತ್ತಾ ಬಂದಾಗ ಆಸ್ಟ್ರೇಲಿಯಾದ ರೆಪ್ಕೋ ಕಂಪನಿ ಬದಲಿಗೆ ಎಂಟು ಸಿಲಿಂಡರಿನ ಒಂದು ವಿ-8 ಎಂಜಿನ್ ಮಾಡಿತು. 1966ರಲ್ಲಿ ಫಾರ್ಮುಲಾ ಒನ್ ಮಿತಿ 3 ಲೀಟರ್‌ಗೆ ಏರಿದಾಗ, ಅದನ್ನೇ ಅಷ್ಟಕ್ಕೆ ಹಿಗ್ಗಿಸಿಕೊಂಡು ಆಸ್ಟ್ರೇಲಿಯಾದ ಚಾಲಕ ಜಾಕ್ ಬ್ರಾಬಮ್ ಆ ವರ್ಷದ ವಿಶ್ವ ಚಾಂಪಿಯನ್ ಆಗಿಬಿಟ್ಟ. ಅಂದರೆ ಫಾರ್ಮುಲಾ ಒನ್ ಬೇಡವೆಂದ ಅಳತೆಯ ಸರಣಿಯೇ ಅದಕ್ಕೊಂದು ಗೆಲ್ಲುವ ಎಂಜಿನ್ ಕೊಟ್ಟಿತು!

ನನ್ನ ಕೇಳಿದರೆ 1968 ಇದರ ಅತಿ ಒಳ್ಳೇ ವರ್ಷ. ಲೋಟಸ್‌ನಲ್ಲಿ ಜಿಮ್ ಕ್ಲಾರ್ಕ್, ಫೆರಾರಿಯಲ್ಲಿ ಕ್ರಿಸ್ ಏಮನ್. ಆಸ್ಟ್ರೇಲಿಯಾದ ಸ್ಯಾಂಡೌನ್ ಟ್ರ್ಯಾಕ್‌ನಲ್ಲಿ ಕೊನೇ ಗೆರೆ ದಾಟುವಾಗ ಇಬ್ಬರ ನಡುವೆ ಬರೀ 0.1 ಸೆಕೆಂಡ್. ಗೆದ್ದವನು ಕ್ಲಾರ್ಕ್. ಆ ವರ್ಷದ ಸರಣಿಯೂ ಅವನದೇ, ಅದು ಅವನ ಮೂರನೇ ಟಾಸ್ಮನ್ ಪಟ್ಟ. ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಅವನು ತೀರಿಕೊಂಡ. ಮರುವರ್ಷ ಪಟ್ಟ ಏಮನ್‌ನದಾಯಿತು. 1970ರಲ್ಲಿ ಅವನ ಫೆರಾರಿಯನ್ನೇ ಕೊಂಡು ಓಡಿಸಿದ ಗ್ರೇಮ್ ಲಾರೆನ್ಸ್ ಕೂಡ ಗೆದ್ದ.

ಅಷ್ಟರಲ್ಲಿ 5 ಲೀಟರ್‌ನ ಫಾರ್ಮುಲಾ 5000 ಕಾರುಗಳು ಬಂದಿದ್ದವು. ಸದ್ದು ಜಾಸ್ತಿ, ಖರ್ಚು ಕಮ್ಮಿ. ಗ್ರಹಾಂ ಮೆಕ್‌ರೇ ಸತತ ಮೂರು ಸಲ ಗೆದ್ದ. ಆದರೆ ಫಾರ್ಮುಲಾ ಒನ್ ಜನವರಿಯಲ್ಲೇ ಶುರುವಾಗತೊಡಗಿದ ಮೇಲೆ ದೊಡ್ಡ ಹೆಸರುಗಳು ಯಾಕೆ ಬರುತ್ತವೆ, ಅಲ್ವಾ? 1975ರ ನಂತರ ಎರಡೂ ದೇಶಗಳು ತಮ್ಮ ತಮ್ಮ ಸರಣಿ ನಡೆಸಿಕೊಂಡವು. ತಮಾಷೆ ನೋಡಿ, ಆ ಕೊನೇ ವರ್ಷ ಗೆದ್ದ ವಾರ್ವಿಕ್ ಬ್ರೌನ್ ಒಬ್ಬನೇ ಈ ಪಟ್ಟ ಪಡೆದ ಆಸ್ಟ್ರೇಲಿಯನ್. ಮೂರು ಸಲದ ವಿಶ್ವ ಚಾಂಪಿಯನ್ ಬ್ರಾಬಮ್‌ಗೂ ಅದು ಸಿಕ್ಕಿರಲಿಲ್ಲ.