ಮಿಠಿ ನದಿಯ ಕೆಸರು, ದೊಡ್ಡಪ್ಪನ ಫಿಯೆಟ್

ಕಾರಿನ ಬಾಗಿಲ ಒಳಮೈಯಲ್ಲಿ ಈ ಕಂದು ಗೆರೆ ಕಾಣುತ್ತಿದೆಯಲ್ಲ, ಅದು 2005ರ ಜುಲೈ 26ರದು. ಅಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಮಿಠಿ ನದಿ ಕಲೀನಾ, ಕುರ್ಲಾದ ಮನೆಗಳಿಗೆ ನುಗ್ಗಿತ್ತು. ದೊಡ್ಡಪ್ಪನ 1968ರ ಫಿಯೆಟ್ 1100 ಡಿಲೈಟ್ ಸ್ಟೀರಿಂಗ್‌ವರೆಗೆ ಮುಳುಗಿತು. ಅದು ತಯಾರಾದದ್ದೂ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲೇ. ಹುಟ್ಟೂರಿನ ನೀರೇ ಮುಳುವಾಯಿತು.

ರಿಪೇರಿ ಮಾಡಿಸೋಣವೆಂದು ಗ್ಯಾರೇಜಿಗೆ ಹೋದರೆ ಎಲ್ಲರದೂ ಒಂದೇ ರಾಗ: ಬಣ್ಣ ಕೆರೆದು, ಪುಟ್ಟಿ ಹಚ್ಚಿ, ಹೊಸದು ಮಾಡಿಕೊಡುತ್ತೇವೆ. ನನಗೆ ಆ ಹೊಳಪು ಬೇಡ. ಇಟಲಿ-ಸ್ವಿಟ್ಜರ್ಲೆಂಡ್ ಗಡಿಯ ಮಾಜೋರೆ ಸರೋವರದ ತಳದಲ್ಲಿ ದಶಕಗಳ ಕಾಲ ಬಿದ್ದಿದ್ದ 1925ರ ಬುಗಾಟಿ ಕಾರನ್ನು 2009ರಲ್ಲಿ ಮೇಲೆತ್ತಿದರು. ಮರುವರ್ಷ ಪ್ಯಾರಿಸ್ ಹರಾಜಿನಲ್ಲಿ ಅದು 2,60,500 ಯೂರೋಗೆ ಮಾರಾಟವಾಯಿತು. ಕೊಂಡವರು ತುಕ್ಕಿನ ಸಮೇತ ಹಾಗೆಯೇ ಮ್ಯೂಸಿಯಂನಲ್ಲಿಟ್ಟರು. ಆದರೆ ಆ ಬುಗಾಟಿ ಮತ್ತೆ ರಸ್ತೆಗಿಳಿಯಬೇಕಾಗಿರಲಿಲ್ಲ. ದೊಡ್ಡಪ್ಪನಿಗೋ ಮಾಟುಂಗಾದವರೆಗಾದರೂ ಒಮ್ಮೆ ಹೋಗಿ ಇಡ್ಲಿ ತಿಂದು ಬರುವ ಆಸೆ.

ಈಗ ಇಲ್ಲಿ ನೋಡಿ, ಬಾಗಿಲ ಕೆಳಗಿನ ಪಟ್ಟಿ. ಮೇಲಿನ ಬಣ್ಣ ಚೆನ್ನಾಗಿಯೇ ಇದೆ. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದಂತೆ ಮುರಿಯುತ್ತದೆ. ಒಳಗಿನ ಟೊಳ್ಳಿನಿಂದ ಮಿಠಿಯ ಒಣ ಕೆಸರು, ತುಕ್ಕಿನ ಚಕ್ಕೆಗಳ ಜೊತೆ ಸುರಿಯುತ್ತಿದೆ. ಪ್ರತಿ ಮಳೆಗಾಲದಲ್ಲೂ ಈ ಮಣ್ಣು ತೇವ ಹೀರಿಕೊಂಡು ತಗಡನ್ನು ಒಳಗಿನಿಂದಲೇ ತಿಂದಿದೆ. ಈ ಕಾರಿಗೆ ಪ್ರತ್ಯೇಕ ಚಾಸಿಸ್, ಅಂದರೆ ಮೈಯನ್ನು ಹೊರುವ ಅಡಿ ಚೌಕಟ್ಟು, ಇಲ್ಲ. ಫ್ಲೋರು, ಪಟ್ಟಿ, ಮೈ ಎಲ್ಲ ಸೇರಿಯೇ ಬೆನ್ನೆಲುಬು. ಹಾಗಾಗಿ ಇಲ್ಲಿ ಮಾತ್ರ ಭಾವುಕತೆ ಸಲ್ಲದು. ಕೊಳೆತದ್ದನ್ನು ಕತ್ತರಿಸಿ, ಅದೇ ದಪ್ಪದ, ಅದೇ ಆಕಾರದ ತಗಡು ಬೆಸೆದು, ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ ಸಿಂಪಡಿಸಬೇಕು. ಬ್ರೇಕ್ ಹೊಸದು. ವೈರಿಂಗ್ ಕೂಡ ಪೂರ್ತಿ ಹೊಸದು, ಏಕೆಂದರೆ ನೀರು ತಂತಿಯ ಹೊದಿಕೆಯೊಳಗೂ ಏರಿ ತಾಮ್ರವನ್ನು ಕೆಡಿಸಿರುತ್ತದೆ. ಮಾಸಿದ ಬಣ್ಣ, ಸೀಟು, ಈ ಕಂದು ಗೆರೆ ಇದ್ದ ಹಾಗೆಯೇ ಇರಲಿ.

“ಜನ ನಗುವುದಿಲ್ಲವೇನೋ?” ಎಂದು ದೊಡ್ಡಪ್ಪ ಕೇಳುತ್ತಾರೆ. ನಗಲಿ ಬಿಡಿ ದೊಡ್ಡಪ್ಪ. ಕಾನೂನು ಕೂಡ ನಮ್ಮ ಕಡೆಗೇ ಇದೆ: 2021ರ ನಿಯಮದ ಪ್ರಕಾರ ‘ವಿಎ’ ಅಕ್ಷರವಿರುವ ವಿಂಟೇಜ್ ನಂಬರ್ ಪ್ಲೇಟ್ ಬೇಕಾದರೆ ಕಾರಿಗೆ 50 ವರ್ಷ ದಾಟಿರಬೇಕು, ಮೂಲ ರೂಪವೂ ಉಳಿದಿರಬೇಕು. ಆದರೆ ಆ ಪ್ಲೇಟ್ ಹಾಕಿಕೊಂಡು ದಿನಾ ಓಡಾಡುವಂತಿಲ್ಲ. ಇಡ್ಲಿಯ ಲೆಕ್ಕ ಆಮೇಲೆ ನೋಡೋಣ.

ಈಗ ಬೇಕಿರುವುದು ಒಳ್ಳೆಯ ಬೆಸುಗೆಗಾರ. ಫ್ಲೋರ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಕೊಟ್ಟು ಬಿಗಿಯದಿದ್ದರೆ ಮೈಯೇ ಬಾಗಿ, ಬಾಗಿಲುಗಳು ಮತ್ತೆ ಕೂರುವುದಿಲ್ಲ. ಈ ಕೆಲಸ ಬಲ್ಲವರು ಮುಂಬೈ, ಪುಣೆ ಕಡೆ ಇದ್ದರೆ ದಯವಿಟ್ಟು ತಿಳಿಸಿ.