ಬಾಟಲಿ ಮರದಿಂದ ಭೂತದೂರಿಗೆ: ಮೊಹಾವಿ ಮರುಭೂಮಿಯ ದಾರಿಬದಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಲಾಸ್ ಏಂಜಲೀಸಿನಿಂದ ಲಾಸ್ ವೇಗಸ್ಸಿಗೆ ಹೋಗುವವರು ಇಂಟರ್‌ಸ್ಟೇಟ್ 15 ಹಿಡಿದು ಮೊಹಾವಿ ಮರುಭೂಮಿಯನ್ನು ಒಂದೇ ಓಟಕ್ಕೆ ದಾಟಿಬಿಡುತ್ತಾರೆ. ಹೆದ್ದಾರಿ ಬಿಟ್ಟು ಇಳಿಯುವ ಮನಸ್ಸಿದ್ದರೆ ಅದೇ ದಾರಿಗೆ ಎರಡು ದಿನ ಬೇಕು. ಇಲ್ಲಿ ದಾರಿಬದಿಯಲ್ಲಿ ಕಾಣುವ ವಿಚಿತ್ರ ಕಟ್ಟಡ, ಕಲಾಕೃತಿಗಳೆಲ್ಲ ಒಬ್ಬೊಬ್ಬರ ಹಠ. ಯಾರೂ ಕೇಳದಿದ್ದರೂ ಕಟ್ಟಿದ್ದಾರೆ, ಗಾಳಿ ಬೀಳಿಸಿದರೆ ಮತ್ತೆ ಎಬ್ಬಿಸಿದ್ದಾರೆ. ನವೆಂಬರಿನಿಂದ ಮಾರ್ಚ್‌ವರೆಗೆ ಹೋಗುವುದು ವಾಸಿ.

ವಿಕ್ಟರ್‌ವಿಲ್‌ನಲ್ಲಿ ಹೆದ್ದಾರಿ ಬಿಟ್ಟು ಹಳೆಯ ರೂಟ್ 66 ಹಿಡಿಯಿರಿ. ಓರೋ ಗ್ರಾಂಡೆಯ ಹತ್ತಿರ ಎಲ್ಮರ್ ಲಾಂಗ್ ಎಂಬಾತ ನೆಟ್ಟ ಬಾಟಲಿ ಮರಗಳಿವೆ. ಕಬ್ಬಿಣದ ಕೊಳವೆಗೆ ಕೊಂಬೆಗಳನ್ನು ವೆಲ್ಡ್ ಮಾಡಿ, ಒಂದೊಂದು ಕೊಂಬೆಗೂ ಒಂದು ಬಾಟಲಿ ಸಿಕ್ಕಿಸಿದ್ದಾರೆ. ಇಂಥ ಮರಗಳು ಸುಮಾರು 200. ಲಾಂಗ್ 2019ರಲ್ಲಿ ತೀರಿಕೊಂಡರು. ನಡುಮಧ್ಯಾಹ್ನ ಹೋದರೆ ಬರೀ ಗಾಜು ಕಂಡೀತು. ಬಣ್ಣ ಕಾಣಬೇಕಾದರೆ ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆಯೋ ಸಂಜೆಯೋ ಹೋಗಬೇಕು.

ಬಾರ್‌ಸ್ಟೋದಲ್ಲಿ ಮತ್ತೆ ಹೆದ್ದಾರಿಗೆ ಬಂದು ಬೇಕರ್ ಊರಿಗೆ ಹೋದರೆ 134 ಅಡಿ ಎತ್ತರದ ಥರ್ಮಾಮೀಟರ್ ದೂರದಿಂದಲೇ ಕಾಣಿಸುತ್ತದೆ. ಎತ್ತರ ಸುಮ್ಮನೆ ಆರಿಸಿದ್ದಲ್ಲ. 1913ರ ಜುಲೈ 10ರಂದು ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್‌ನ ನೆನಪಿಗೆ, ಡಿಗ್ರಿಗೊಂದು ಅಡಿ. ಸೆಲ್ಸಿಯಸ್‌ನಲ್ಲಿ ಅದು 56.7. 1991ರಲ್ಲಿ ನಿಲ್ಲಿಸಿದ ಕಂಬವನ್ನು ಗಾಳಿ ಮುರಿದು ಹಾಕಿತು. ಮತ್ತೆ ಕಟ್ಟಿದರೂ ಬಿರುಗಾಳಿಗೆ ತೂಗಾಡುತ್ತಿತ್ತು. ಕೊನೆಗೆ ಒಳಗೆ ಕಾಂಕ್ರೀಟ್ ಸುರಿದ ಮೇಲೆ ಗಟ್ಟಿಯಾಗಿ ನಿಂತಿತು. ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಆದರೆ ಬೇಕರಿನಲ್ಲಿ ಮಾಡಲೇಬೇಕಾದ ಕೆಲಸ ಬೇರೆ ಇದೆ. ಟ್ಯಾಂಕ್ ತುಂಬಿಸಿಕೊಳ್ಳಿ. ಇಲ್ಲಿಂದ ಉತ್ತರಕ್ಕೆ 127ನೇ ರಸ್ತೆಯಲ್ಲಿ ಶೊಶೋನ್‌ವರೆಗೆ ಸುಮಾರು 90 ಕಿಲೋಮೀಟರ್ ಪೆಟ್ರೋಲ್ ಬಂಕ್ ಸಿಗದು, ಮೊಬೈಲ್ ಸಿಗ್ನಲನ್ನೂ ನೆಚ್ಚಿಕೊಳ್ಳುವಂತಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರಿನ ಲೆಕ್ಕ ಹಾಕಿ, ಅದರ ಮೇಲೊಂದಿಷ್ಟು ಹೆಚ್ಚಿಗೆ ಇರಲಿ. ಏರುದಾರಿಯಲ್ಲಿ ಎಂಜಿನ್ ಬಿಸಿಯ ಮುಳ್ಳು ಮೇಲೇರತೊಡಗಿದರೆ ಎ.ಸಿ. ಆರಿಸಿ ಹೀಟರ್ ಹಾಕಿ. ನಿಮಗೆ ಸೆಕೆಯಾದೀತು, ಎಂಜಿನ್ ತಣಿಯುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನಂತೂ ತೆಗೆಯಲೇಬೇಡಿ. ರಸ್ತೆಯ ತಗ್ಗಿನಲ್ಲಿ ನೀರು ಹರಿಯುತ್ತಿದ್ದರೆ ಇಳಿಯುವವರೆಗೆ ಕಾಯಿರಿ.

ಹೆಚ್ಚಿನವರು ಸಿಕ್ಕಿಬೀಳುವುದು ಫೋಟೋ ತೆಗೆಯಲು ಗಾಡಿಯನ್ನು ಟಾರಿನಿಂದ ಕೆಳಗಿಳಿಸಿದಾಗ. ಮೇಲೆ ಗಟ್ಟಿಯಾಗಿ ಕಂಡರೂ ಕೆಳಗೆ ಸಡಿಲ ಮರಳು. ಚಕ್ರ ಹೂತಿತೆಂದರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಚಕ್ರ ಗುಂಡಿ ತೋಡುತ್ತದೆ. ಚಕ್ರದ ಮುಂದಿನ ಮರಳು ಬಾಚಿ, ಕಾರಿನೊಳಗಿನ ಮ್ಯಾಟುಗಳನ್ನು ಅಡಿಗೆ ತುರುಕಿ, ನಿಧಾನವಾಗಿ ಹೊರಡಿಸಿ. ಆಗಲೂ ಬರದಿದ್ದರೆ ಟಯರಿನ ಗಾಳಿಯನ್ನು 18 ಪಿ.ಎಸ್.ಐ.ವರೆಗೆ ಇಳಿಸಬಹುದು. ಮತ್ತೆ ತುಂಬಿಸಲು ಪಂಪ್ ಜೊತೆಗಿದ್ದರೆ ಮಾತ್ರ! ಏನೇ ಆದರೂ ಗಾಡಿ ಬಿಟ್ಟು ನಡೆಯುತ್ತ ಹೋಗಬೇಡಿ. ಹುಡುಕಿ ಬರುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಣ್ಣಿಗೆ ಬೀಳುತ್ತದೆ.

ಶೊಶೋನ್ ದಾಟಿದರೆ ಡೆತ್ ವ್ಯಾಲಿ ಜಂಕ್ಷನ್. ಈ ದಾರಿಯಲ್ಲಿ ಒಂದೇ ಕಡೆ ಇಳಿಯುವುದಾದರೆ ಇಲ್ಲೇ ಇಳಿಯಬೇಕು. ಬೊರಾಕ್ಸ್, ಅಂದರೆ ಬಿಳಿಗಾರ ತೆಗೆಯುವ ಗಣಿ ಕಂಪನಿ 1920ರ ದಶಕದಲ್ಲಿ ಕಟ್ಟಿ, ಕೊನೆಗೆ ಬಿಟ್ಟುಹೋದ ಊರಿದು. 1967ರಲ್ಲಿ ನ್ಯೂಯಾರ್ಕಿನ ನರ್ತಕಿ ಮಾರ್ಟಾ ಬೆಕೆಟ್ ಅವರ ಗಾಡಿಯ ಟಯರ್ ಪಂಕ್ಚರಾಗಿ ಇಲ್ಲಿ ನಿಲ್ಲಬೇಕಾಯಿತು. ರಿಪೇರಿಯಾಗುವಷ್ಟರಲ್ಲಿ ಪಾಳುಬಿದ್ದ ಸಭಾಂಗಣ ಕಣ್ಣಿಗೆ ಬಿತ್ತು. ಬಾಡಿಗೆಗೆ ಹಿಡಿದು, ಅಮರ್ಗೋಸಾ ಆಪೆರಾ ಹೌಸ್ ಎಂದು ಹೆಸರಿಟ್ಟು, ಮರುವರ್ಷ ಕುಣಿಯತೊಡಗಿದರು. ಜನ ಬರುವುದು ಅಪರೂಪ. ಅದಕ್ಕೆ ಗೋಡೆಗಳ ಮೇಲೆ ರಾಜ, ರಾಣಿ, ಸನ್ಯಾಸಿನಿಯರನ್ನೆಲ್ಲ ಪ್ರೇಕ್ಷಕರನ್ನಾಗಿ ತಾವೇ ಬರೆದು ಕೂರಿಸಿದರು. ಆಮೇಲೆ ಚಾವಣಿಗೂ ಚಿತ್ರ. ಅವರು ತೀರಿಕೊಂಡಿದ್ದು 2017ರಲ್ಲಿ. ಒಳಗೆ ನೋಡಲು ಯಾವಾಗ ಬಿಡುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೋಗಿ, ಬೀಗ ಹಾಕಿದ್ದರೆ ನೋಡಲು ಸಿಗುವುದು ಬರೀ ಸುಣ್ಣದ ಗೋಡೆ.

ಅಲ್ಲಿಂದ ನೆವಾಡಾ ಗಡಿ ದಾಟಿ ಬೀಟಿ ಊರು, ಅದರ ಪಶ್ಚಿಮಕ್ಕೆ ಆರೇಳು ಕಿಲೋಮೀಟರಿನಲ್ಲಿ ರಯೊಲೈಟ್. 1904ರಲ್ಲಿ ಚಿನ್ನ ಸಿಕ್ಕಿ ಎದ್ದ ಊರು, 1920ರ ಹೊತ್ತಿಗೆ ಹೆಚ್ಚುಕಡಿಮೆ ಖಾಲಿ. ಮರಮುಟ್ಟು ಸಿಗದ ಈ ಕಡೆ ಟಾಮ್ ಕೆಲಿ ಎಂಬಾತ ಹೆಂಡದಂಗಡಿಗಳ ಖಾಲಿ ಬಾಟಲಿಗಳನ್ನೇ ಇಟ್ಟಿಗೆ ಮಾಡಿಕೊಂಡು, ಮಣ್ಣು ಮೆತ್ತಿ ಮನೆ ಕಟ್ಟಿದ. ಊರ ಬಾಗಿಲಿಗೆ ಗೋಲ್ಡ್‌ವೆಲ್ ಬಯಲು ಮ್ಯೂಸಿಯಂ. ಬೆಲ್ಜಿಯಂನ ಶಿಲ್ಪಿ ಆಲ್ಬರ್ಟ್ ಶುಕಾಲ್ಸ್ಕಿ 1984ರಲ್ಲಿ ಸ್ಥಳೀಯರನ್ನು ನಿಲ್ಲಿಸಿ, ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಬಟ್ಟೆ ಹೊದಿಸಿ, ಗಟ್ಟಿಯಾದ ಮೇಲೆ ಅವರನ್ನು ಹೊರಗೆ ಬಿಟ್ಟ. ಉಳಿದದ್ದು ಒಳಗೆ ಯಾರೂ ಇಲ್ಲದ ಹದಿಮೂರು ಬಿಳಿ ಮುಸುಕುಗಳು: ಯೇಸುವಿನ ಕಡೆಯ ಭೋಜನ. ನೋಡಲು ಟಿಕೆಟ್ ಇಲ್ಲ.

ಪಾಳು ಗೋಡೆಗಳ ಸಂದಿಗೆ ಕೈ ಹಾಕಬೇಡಿ, ಬುಡುಬುಡಿಕೆ ಹಾವುಗಳಿರುತ್ತವೆ. ಹಳೆಯ ಗಾಜಿನ ಚೂರೂ ಎತ್ತಿಕೊಳ್ಳುವಂತಿಲ್ಲ, ಕಾನೂನಿಗೆ ವಿರುದ್ಧ. ಕತ್ತಲಾಗುವ ಮೊದಲೇ ಬೀಟಿಗೆ ಹಿಂತಿರುಗಿ, ಈ ರಸ್ತೆಯಲ್ಲಿ ಕಾಡುಕತ್ತೆಗಳು ಅಡ್ಡ ಬರುತ್ತವೆ.