ಕೋಳಿ ಕಾಣೆಯಾದರೆ ನರಿಯನ್ನೇ ಯಾಕೆ ಬೈಯುತ್ತೀರಿ?

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ. ನರಿ ಜೊತೆ ಅಲ್ಲ, ಕೋಳಿ ಸಾಕುವವರ ಜೊತೆ.

ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕಿದವರನ್ನು ಯಾರನ್ನೇ ಕೇಳಿ, "ನರಿ ಹೊತ್ಕೊಂಡು ಹೋಯ್ತು" ಅನ್ನುತ್ತಾರೆ. ನೋಡಿದ್ರಾ? ಇಲ್ಲ. ರಾತ್ರಿ ಗುಡ್ಡದ ಕಡೆ ಊಳಿಡುವುದು ಕೇಳಿತ್ತು, ಬೆಳಗ್ಗೆ ಎದ್ದರೆ ಹೇಂಟೆ ಇಲ್ಲ, ಅಲ್ಲಿಗೆ ತೀರ್ಪು ಆಯಿತು. ಆಮೇಲೆ ಎರಡು ದಿನ ನರಿಗೆ ಶಾಪ. ಮೂರನೇ ದಿನ ಯಾರೋ ಬಂದು ಉರುಳು ಹಾಕುವ ಐಡಿಯಾ ಕೊಡುತ್ತಾರೆ. ಗೂಡಿನ ಬಾಗಿಲಿಗೆ ಮಾತ್ರ ಅದೇ ಹಳೇ ಗೋಣಿಚೀಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಿತ್ತಲ ಕೋಳಿ ಸಾಯುವುದು ಬಹಳ ಸಲ ನಮ್ಮ ಗೂಡಿನ ತಪ್ಪಿಗೆ. ಮತ್ತೆ, ಕೊಂದದ್ದು ಯಾರು ಅಂತ ತಿಳಿಯದೆ ಮಾಡುವ ರಿಪೇರಿ ಎಲ್ಲಾ ದುಡ್ಡು ದಂಡ.

ಯಾರು ಅಂತ ಗೊತ್ತಾಗುವುದು ಹೇಗೆ? ಬಿಟ್ಟು ಹೋದದ್ದನ್ನು ನೋಡಿ. ನರಿ, ಕಾಡುಬೆಕ್ಕು ಇವೆಲ್ಲ ಅಲ್ಲೇ ಕೂತು ತಿನ್ನುವುದು ಕಡಿಮೆ, ಇಡೀ ಕೋಳಿಯನ್ನೇ ಕಚ್ಚಿಕೊಂಡು ಹೋಗುತ್ತವೆ. ಬೇಲಿಯ ಕಂಡಿ ಹತ್ತಿರ ಒಂದಿಷ್ಟು ಪುಕ್ಕ ಸಿಕ್ಕರೆ ಸಿಕ್ಕಿತು. ಅಂಗಳದ ತುಂಬ ಕೋಳಿ ಸತ್ತು ಬಿದ್ದಿವೆ, ಒಂದನ್ನೂ ಸರಿಯಾಗಿ ತಿಂದಿಲ್ಲ ಅಂದರೆ ಮೊದಲು ನಾಯಿ ಮೇಲೆ ಅನುಮಾನ ಪಡಿ. ಬೀದಿನಾಯಿ ಅಂತಲೇ ಅಲ್ಲ, ಪಕ್ಕದ ಮನೆಯ ಬೆಲ್ಟ್ ಹಾಕಿದ ನಾಯಿಯೂ ಆಗಬಹುದು, ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಊರಲ್ಲಿ ಮಾತು ಬಿಡುವ ಹಾಗಾಗುತ್ತದೆ, ಅದಕ್ಕೇ ಎಲ್ಲರೂ ಸುಮ್ನೆ ನರಿ ಮೇಲೆ ಹಾಕುತ್ತಾರೆ, ನರಿ ಬಂದು ಪಂಚಾಯಿತಿಗೆ ಕೂರುವುದಿಲ್ಲವಲ್ಲ!

ಕುತ್ತಿಗೆ, ತಲೆ ಕಚ್ಚಿದೆ, ಮೈ ಹಾಗೇ ಇದೆ, ನಡೆದದ್ದು ಹಗಲಲ್ಲಿ ಅಂದರೆ ಅದು ಹೆಚ್ಚಾಗಿ ಮುಂಗುಸಿ ಕೆಲಸ. ಕೋಳಿ ಗೂಡಿನ ಒಳಗೇ ಇದೆ ಆದರೆ ತಲೆಯೋ ಕಾಲೋ ಇಲ್ಲ ಅಂದರೆ ಜಾಲರಿಯ ಹೊರಗಿಂದಲೇ ಯಾವುದೋ ಎಳೆದಿದೆ. ಮೊಟ್ಟೆ ಹೋಗಿದೆ, ಚಿಪ್ಪಿನ ಚೂರೂ ಇಲ್ಲ ಅಂದರೆ ಹಾವು ಇರಬಹುದು. ಒಡೆದ ಚಿಪ್ಪು ಬಿದ್ದಿದ್ದರೆ ಕಾಗೆ ಅಥವಾ ಮುಂಗುಸಿ. ಪಿಳ್ಳೆಗಳು ಹಗಲಲ್ಲಿ ಒಂದೊಂದೇ ಮಾಯವಾಗುತ್ತಿದ್ದರೆ ಮೇಲೆ ನೋಡಿ, ಅಲ್ಲಿ ಕಾಗೆ, ಗಿಡುಗ, ಹದ್ದು ಇರುತ್ತವೆ. ರಾತ್ರಿ ಮಾಯವಾಗುತ್ತಿದ್ದರೆ ಕೆಳಗೆ ನೋಡಿ. ಗೂಡಿನ ನೆಲದಲ್ಲಿ ಹೆಗ್ಗಣದ ಬಿಲ ಇದ್ದರೆ ಉತ್ತರ ಅಲ್ಲೇ ಇದೆ. ಇನ್ನು ಹೆಬ್ಬಾವಿನದ್ದು ಬೇರೆಯೇ ಕಥೆ. ಸಂದಿಯಲ್ಲಿ ಆರಾಮಾಗಿ ಒಳಗೆ ಬರುತ್ತದೆ, ಕೋಳಿ ನುಂಗುತ್ತದೆ, ಹೊಟ್ಟೆ ದಪ್ಪ ಆಗಿ ಅದೇ ಸಂದಿಯಲ್ಲಿ ವಾಪಸ್ ಹೋಗಲಾರದೆ ಬೆಳಗ್ಗೆ ಅಲ್ಲೇ ಸುರುಳಿ ಸುತ್ತಿ ಕೂತಿರುತ್ತದೆ. ಆಗ ದೊಣ್ಣೆ ತರಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ನರಿ ಏನೂ ಪಾಪದ್ದಲ್ಲ. ಅದೂ ಕೋಳಿ ತಿನ್ನುತ್ತದೆ. ಮಲೆನಾಡು, ಕರಾವಳಿ ಕಡೆ ರಾತ್ರಿ ಗುಂಪಾಗಿ ಊಳಿಡುವುದು ಗುಳ್ಳೆನರಿ, ಅದಕ್ಕೆ ಕೋಳಿ ಹೊತ್ತುಕೊಂಡು ಹೋಗುವುದು ದೊಡ್ಡ ಕೆಲಸವೇ ಅಲ್ಲ. ಆದರೆ ಬಯಲುಸೀಮೆಯ ಹುಲ್ಲುಗಾವಲಲ್ಲಿ ಇನ್ನೊಂದು ಸಣ್ಣ ನರಿ ಇದೆ, ಬಾಲದ ತುದಿ ಕಪ್ಪು. ತೂಕ ಎರಡರಿಂದ ನಾಲ್ಕು ಕೆಜಿ. ಅದು ಹೆಚ್ಚಾಗಿ ತಿನ್ನುವುದು ಇಲಿ, ಹುಳ, ಗೆದ್ದಲು, ಓತಿಕೇತ, ಬೋರೆ ಹಣ್ಣು. ಚೆನ್ನಾಗಿ ಮೇಯ್ದ ಗಿರಿರಾಜ ತಳಿಯ ಹುಂಜ ಹೆಚ್ಚು ಕಡಿಮೆ ಅದರಷ್ಟೇ ತೂಗುತ್ತದೆ, ಅಂಥ ಹುಂಜವನ್ನು ಅದು ಹೊತ್ತುಕೊಂಡು ಹೋಯಿತು ಅನ್ನುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಬೆಳಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಅಂತಾರೆ, ಆ ಮಾತು ಹೇಳಿದ್ದು ಕೋಳಿ ಅಲ್ಲ ಬಿಡಿ.

ಈಗ ರಾತ್ರಿ ವಿಷಯಕ್ಕೆ ಬರೋಣ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಬಹಳ ಕಡಿಮೆ. ಹಗಲಲ್ಲಿ ಕೈಗೆ ಸಿಗದ ಹುಂಜವನ್ನು ರಾತ್ರಿ ಯಾರು ಬೇಕಾದರೂ ಸುಮ್ನೆ ಎತ್ತಿಕೊಳ್ಳಬಹುದು, ಹಬ್ಬದ ಹಿಂದಿನ ರಾತ್ರಿ ಎಲ್ಲರೂ ಮಾಡುವುದು ಅದನ್ನೇ ತಾನೇ? ನಮಗೆ ಸಿಕ್ಕ ಹಾಗೇ ಕಾಡುಬೆಕ್ಕಿಗೂ ಸಿಗುತ್ತದೆ. ಇದಕ್ಕೆ ಸೇರಿದ ಒಂದು ಹಳೇ ಅಧ್ಯಯನ ಇದೆ. ಹ್ಯಾನ್ಸ್ ಕ್ರೂಕ್ ಅನ್ನುವ ಪ್ರಾಣಿ ವಿಜ್ಞಾನಿ 1972ರಲ್ಲಿ ಬರೆದದ್ದು. ಇಂಗ್ಲೆಂಡಿನ ಕಡಲ ತೀರದಲ್ಲಿ ನರಿಗಳು ಕಗ್ಗತ್ತಲ ರಾತ್ರಿಗಳಲ್ಲಿ ನೆಲದ ಮೇಲೆ ಗೂಡು ಕಟ್ಟಿದ್ದ ಕಡಲ ಹಕ್ಕಿಗಳನ್ನು ಸಾಲಾಗಿ ಕೊಂದು, ತಿನ್ನದೆ ಬಿಟ್ಟು ಹೋಗುತ್ತಿದ್ದವು. ಯಾಕೆ? ಅಷ್ಟು ಕತ್ತಲಲ್ಲಿ ಹಕ್ಕಿಗಳು ಹಾರದೆ ಕೂತಲ್ಲೇ ಕೂತಿದ್ದವು. ಬೇಟೆ ಪ್ರಾಣಿಗೆ ಹಸಿವು ತೀರಿದರೂ, ಎದುರಿಗೆ ಸುಲಭದ ಬೇಟೆ ಇದ್ದರೆ ಕೊಲ್ಲುವುದು ನಿಲ್ಲುವುದಿಲ್ಲ.

ಇದನ್ನು ನಮ್ಮ ಕೋಳಿ ಗೂಡಿಗೆ ಹಾಕಿ ನೋಡಿ. ಒಳಗೆ ಹತ್ತು ಕೋಳಿ, ಓಡಲು ದಾರಿ ಇಲ್ಲ, ಕಣ್ಣು ಕಾಣುವುದಿಲ್ಲ, ಒಂದು ರೆಕ್ಕೆ ಬಡಿದರೆ ಎಲ್ಲಾ ರೆಕ್ಕೆ ಬಡಿಯುತ್ತವೆ. ಹಾಗಾಗಿ ಅರ್ಧಂಬರ್ಧ ಮುಚ್ಚಿದ ಗೂಡು ಗೂಡೇ ಇಲ್ಲದ್ದಕ್ಕಿಂತ ಅಪಾಯ. ಹಲಸಿನ ಮರದ ಮೇಲೆ ಮಲಗಿದ್ದರೆ ಹೋಗುವುದು ಒಂದು. ಹರಿದ ಜಾಲರಿಯ ಗೂಡಿನಲ್ಲಿ ಹೋಗುವುದು ಅಷ್ಟೂ. "ದ್ವೇಷಕ್ಕೆ ಕೊಂದಿದೆ ಕಣ್ರೀ, ತಿಂದೂ ಇಲ್ಲ" ಅಂತ ಹಲ್ಲು ಕಡಿಯುವವರು ಇದನ್ನು ಸ್ವಲ್ಪ ಯೋಚನೆ ಮಾಡಿ. ಪ್ರಾಣಿಗೆ ನಿಮ್ಮ ಮೇಲೆ ದ್ವೇಷ ಏನೂ ಇಲ್ಲ.

ಗೂಡು ಹೇಗಿರಬೇಕು ಅಂತ ಎಲ್ಲರೂ ಕೇಳುತ್ತಾರೆ, ಆದರೆ ಕೇಳಿದವರು ಕೊನೆಗೆ ಅಂಗಡಿಗೆ ಹೋಗಿ ತರುವುದು ಆರು ಮೂಲೆಯ ಕಂಡಿ ಇರುವ ಆ ತೆಳು ಕೋಳಿ ಜಾಲರಿಯನ್ನೇ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ. ನಾಯಿ ಒಳಗೆ ಬರದ ಹಾಗೆ ತಡೆಯುವುದಿಲ್ಲ, ಹಲ್ಲು ಹಾಕಿ ಎಳೆದರೆ ಬಿಚ್ಚಿಕೊಳ್ಳುತ್ತದೆ, ಮಲೆನಾಡ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ಬೆಸುಗೆ ಹಾಕಿದ ಚೌಕ ಕಂಡಿಯ ಜಿಐ ಮೆಶ್ (ಸತು ಲೇಪಿಸಿದ ಕಬ್ಬಿಣದ ಜಾಲರಿ) ತನ್ನಿ, ಅರ್ಧ ಇಂಚಿನ ಕಂಡಿಯದ್ದು. ದುಬಾರಿ, ಹೌದು. ಸುತ್ತಲೂ ಹಾಕುವಷ್ಟು ದುಡ್ಡಿಲ್ಲದಿದ್ದರೆ ಕೆಳಗಿನ ಎರಡು ಅಡಿಗಾದರೂ ಅದನ್ನೇ ಹಾಕಿ, ಮೇಲೆ ಬೇಕಾದರೆ ಅಗ್ಗದ್ದು ಇರಲಿ. ಅಡಿಕೆ ದಬ್ಬೆಯ ಗೂಡಾದರೆ ಇನ್ನೂ ಒಳ್ಳೆಯದು, ಆದರೆ ದಬ್ಬೆಗಳ ನಡುವಿನ ಸಂದಿ ನೋಡಿ, ಎರಡು ಇಂಚು ಇದ್ದರೆ ಮುಂಗುಸಿಗೆ ಸಾಕು.

ನೆಲ ಅಗೆದು ಬರುವ ಪ್ರಾಣಿಗೆ ಆಳವಾದ ಪಾಯ ಬೇಕಾಗಿಲ್ಲ. ಮೆಶ್ಶನ್ನು ಗೋಡೆಯ ಬುಡದಲ್ಲಿ ಮಡಚಿ ಹೊರಗಡೆಗೆ ಒಂದೂವರೆ ಅಡಿ ನೆಲದ ಮೇಲೆ ಹಾಸಿ, ಮೇಲೆ ಕಲ್ಲು, ಮಣ್ಣು ಹಾಕಿ. ನಾಯಿಯಾಗಲಿ ನರಿಯಾಗಲಿ ಅಗೆಯುವುದು ಗೋಡೆಯ ಬುಡದಲ್ಲೇ, ಎರಡು ಅಡಿ ಹಿಂದೆ ಹೋಗಿ ಅಲ್ಲಿಂದ ಸುರಂಗ ಕೊರೆಯುವ ಬುದ್ಧಿ ಅವಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಇನ್ನೊಂದು ದಾರಿ, ನಾಲ್ಕು ಕಂಬದ ಮೇಲೆ ಗೂಡನ್ನು ಮೂರು ಅಡಿ ಎತ್ತರಕ್ಕೆ ಕಟ್ಟುವುದು. ಕಂಬಕ್ಕೆ ತಗಡು ಸುತ್ತಿದರೆ ಇಲಿ ಹತ್ತಲಾರದು. ಹಿಕ್ಕೆ ಕೆಳಗೆ ಬೀಳುತ್ತದೆ, ಗೊಬ್ಬರಕ್ಕೂ ಆಯಿತು.

ಆಮೇಲೆ ಚಿಲಕ. ಒಂದು ಕೊಕ್ಕೆ ಸಾಲದು, ಎರಡು ಬೇಕು. ಬಾಗಿಲ ಮೂಲೆಯನ್ನು ನಾಯಿ ಎಳೆದಾಗ ಬಾಗುವುದು ಚಿಲಕ ಇಲ್ಲದ ತುದಿ.

ಉಳಿದ ಕಾಳು, ನುಚ್ಚು ರಾತ್ರಿ ಗೂಡಿನಲ್ಲಿ ಬಿಡಬೇಡಿ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಕೇರೆಹಾವು ಬರುತ್ತದೆ, ಬಂದ ಕೇರೆಹಾವು ಮೊಟ್ಟೆಯನ್ನೂ ಪಿಳ್ಳೆಯನ್ನೂ ನೋಡಿ ಕಣ್ಣು ಮುಚ್ಚಿಕೊಂಡು ವಾಪಸ್ ಹೋಗುತ್ತದಾ? ಹಾವು ಬಂತು ಅಂತ ಕೂಗಾಡುವ ಎಷ್ಟೋ ಮನೆಗಳಲ್ಲಿ ಅದಕ್ಕೆ ಊಟ ಬಡಿಸಿಟ್ಟವರು ಮನೆಯವರೇ.

ಇಷ್ಟು ಮಾಡಿದರೆ ರಾತ್ರಿ ಗೆದ್ದ ಹಾಗೆ. ಸಂಜೆ ಕೋಳಿಗಳು ತಾವೇ ಗೂಡಿಗೆ ಬರುತ್ತವೆ, ನೀವು ಬಂದು ಎಣಿಸಿ ಬಾಗಿಲು ಹಾಕಬೇಕು, ಅದೂ ಧಾರಾವಾಹಿ ಮುಗಿದ ಮೇಲೆ ಅಲ್ಲ, ಕತ್ತಲಾಗುವ ಮುಂಚೆ. ನರಿ ಓಡಾಡಲು ಶುರು ಮಾಡುವುದು ಮುಸ್ಸಂಜೆಗೇ. ಈಗ ತಂತಾನೇ ಮುಚ್ಚಿಕೊಳ್ಳುವ ಆಟೋಮ್ಯಾಟಿಕ್ ಬಾಗಿಲು ಆನ್‌ಲೈನಲ್ಲಿ ಸಿಗುತ್ತದೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ತಡವಾಗಿ ಬಂದ ಹೇಂಟೆ ಹೊರಗೇ ಉಳಿಯುತ್ತದೆ, ಒಳಗೆ ಮೊದಲೇ ಹೊಕ್ಕ ಮುಂಗುಸಿ ಒಳಗೇ ಉಳಿಯುತ್ತದೆ.

ಹಗಲು ಕಷ್ಟ. ಹಗಲಲ್ಲಿ ಕೋಳಿ ಹೊರಗೆ ಮೇಯದಿದ್ದರೆ ನಾಟಿ ಕೋಳಿ ಸಾಕುವ ಅರ್ಥವೇ ಹೋಯಿತು. ಹೊರಗೆ ಬಿಟ್ಟರೆ ಒಂದೆರಡು ಹೋಗುತ್ತವೆ, ಅದನ್ನು ಒಪ್ಪಿಕೊಳ್ಳಿ. ಮರಿಗಳನ್ನು ಮಾತ್ರ ಮೊದಲ ಕೆಲವು ವಾರ ಮಂಕರಿ ಬೋರಲು ಹಾಕಿಯೋ, ಮೇಲೆ ಬಲೆ ಕಟ್ಟಿದ ಜಾಗದಲ್ಲೋ ಮೇಯಿಸಿ. ಬಲೆ ತಲೆಗಿಂತ ಎತ್ತರಕ್ಕೆ, ಬಿಗಿಯಾಗಿ ಕಟ್ಟಿ. ಹಳೇ ಮೀನಿನ ಬಲೆಯನ್ನು ನೆಲಕ್ಕೆ ಇಳಿಬಿಟ್ಟರೆ ಅದರಲ್ಲಿ ಹಾವು ಸಿಕ್ಕಿಕೊಂಡು ಸಾಯುತ್ತವೆ, ಇಲ್ಲವೇ ಬಿಡಿಸಲು ಹೋದ ನಿಮ್ಮನ್ನು ಕಚ್ಚುತ್ತವೆ.

ಹಗಲಿಗೆ ಒಳ್ಳೆಯ ಕಾವಲುಗಾರ ಅಂದರೆ ಹುಂಜ. ಮೇಲಿಂದ ಹದ್ದು ಬಂದರೆ ಒಂದು ಥರ ಕೂಗುತ್ತದೆ, ನೆಲದಲ್ಲಿ ನಾಯಿ ಬಂದರೆ ಇನ್ನೊಂದು ಥರ. ವಿಜ್ಞಾನಿಗಳು ಕೋಳಿಗಳ ತಲೆಗಿಂತ ಮೇಲೆ ಟೀವಿ ಪರದೆ ಇಟ್ಟು ಹದ್ದಿನಂಥ ಆಕಾರ ತೋರಿಸಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಮೊದಲನೇ ಕೂಗಿಗೆ ಹೇಂಟೆಗಳು ಪೊದೆಗೆ ನುಗ್ಗುತ್ತವೆ, ಎರಡನೆಯದಕ್ಕೆ ಕತ್ತು ಎತ್ತಿ ಸುತ್ತ ನೋಡುತ್ತವೆ. ಹಾಗಾಗಿ ನುಗ್ಗಲು ಪೊದೆ ಇರಬೇಕು ಅಲ್ವಾ? ಹಿತ್ತಲನ್ನು ಕ್ರಿಕೆಟ್ ಮೈದಾನದ ಹಾಗೆ ಬೋಳಿಸಿಟ್ಟು ಗಿಡುಗ ಬಂತು ಅಂದರೆ ಏನು ಮಾಡುವುದು. ಕಾಜಾಣ ಗೂಡು ಕಟ್ಟಿದ ಮರ ಇದ್ದರೆ ಅದನ್ನು ದಯವಿಟ್ಟು ಕಡಿಯಬೇಡಿ. ತನಗಿಂತ ಎಷ್ಟೋ ದೊಡ್ಡ ಹದ್ದು, ಕಾಗೆಯನ್ನು ಅದು ಅಟ್ಟಿಸಿಕೊಂಡು ಹೋಗುತ್ತದೆ, ಸಂಬಳ ಕೇಳುವುದಿಲ್ಲ. ಗಿನಿ ಕೋಳಿ ಸಾಕಿದರೆ ಗಲಾಟೆ ಮಾಡಿ ಎಚ್ಚರಿಸುತ್ತದೆ, ಆದರೆ ಅದರ ಗಲಾಟೆಗೆ ಮೊದಲು ಅಕ್ಕಪಕ್ಕದವರು ಎಚ್ಚರವಾಗುತ್ತಾರೆ.

ತಳಿಯ ಮಾತೂ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಚೆನ್ನಾಗಿ ತೂಕ ಬರುತ್ತದೆ, ಆದರೆ ಆ ಮೈ ಹೊತ್ತು ಓಡುವುದೂ ಕಷ್ಟ, ಹಾರುವುದೂ ಕಷ್ಟ. ಆಮೇಲೆ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಅದಕ್ಕೇ ನಾಯಿ, ಕಾಡುಬೆಕ್ಕಿನಿಂದ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ. ಅಪ್ಪಟ ನಾಟಿ ಹೇಂಟೆ ಇವೆರಡನ್ನೂ ಮೀರಿಸಿದ್ದು, ಒಂದೇ ನೆಗೆತಕ್ಕೆ ಮಾಡು ಸೇರುತ್ತದೆ. ಗೂಡಿಗೆ ದುಡ್ಡು ಹಾಕುವುದಿಲ್ಲ ಅನ್ನುವವರು ದೊಡ್ಡ ಮೈಯ ಕೋಳಿ ತರಬೇಡಿ. ಪಶುಸಂಗೋಪನಾ ಇಲಾಖೆಯವರು ಊರಿನ ಹೆಣ್ಣುಮಕ್ಕಳಿಗೆ ಮರಿ ಹಂಚುವುದನ್ನು ನಾನು ಮೆಚ್ಚುತ್ತೇನೆ, ಮೊಟ್ಟೆ ಮಾರಿದ ದುಡ್ಡು ಅವರ ಕೈಯಲ್ಲೇ ಉಳಿಯುವ ದುಡ್ಡು. ಆದರೆ ಮರಿ ಬುಟ್ಟಿಯ ಜೊತೆ ಒಂದು ಸುತ್ತು ಮೆಶ್ಶನ್ನೂ ಕೊಡಿ ಸ್ವಾಮಿ, ಇಲ್ಲದಿದ್ದರೆ ಆ ಯೋಜನೆಯ ಫಲಾನುಭವಿ ಮುಂಗುಸಿ.

ಇನ್ನು ಉರುಳು, ವಿಷ, ಕರೆಂಟು. ಇದರಲ್ಲಿ ನನಗೆ ಚರ್ಚೆಯೇ ಬೇಡ. ನರಿ, ಕಾಡುಬೆಕ್ಕು, ಮುಂಗುಸಿ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಕೊಂದರೆ ಕೇಸು, ಜೈಲು. ಕಾನೂನು ಬಿಡಿ, ಕೆಲಸಕ್ಕಾದರೂ ಬರುತ್ತದಾ? ಬೈಕಿನ ಬ್ರೇಕ್ ತಂತಿಯ ಉರುಳಿಗೆ ಚಿರತೆ ಸಿಕ್ಕಿ ಸತ್ತ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಸತ್ತ ಕೋಳಿಗೆ ವಿಷ ಹಚ್ಚಿ ಇಟ್ಟರೆ ಮೊದಲು ತಿನ್ನುವುದು ನಿಮ್ಮದೇ ನಾಯಿ. ಬೇಲಿಗೆ ಮನೆಯ ಕರೆಂಟು ಕೊಟ್ಟು ಮನುಷ್ಯರೇ ಸತ್ತಿದ್ದಾರೆ. ಮತ್ತೆ ಒಂದು ನರಿ ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ನಿಮ್ಮ ಗೋಣಿಚೀಲದ ಬಾಗಿಲು ಅದಕ್ಕೂ ತೆರೆದೇ ಇರುತ್ತದೆ.

ಒಂದು ವಿಷಯಕ್ಕೆ ಮಾತ್ರ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹಗಲು ಹೊತ್ತು, ಮನೆಯವರೆಲ್ಲ ತೋಟದಲ್ಲಿ ಇರುವಾಗ ಬರುವ ಮುಂಗುಸಿ. ಕೋಳಿಗಳ ಜೊತೆಗೇ ಬೆಳೆದ ನಾಯಿ ಇದ್ದರೆ ಸ್ವಲ್ಪ ತಡೆಯುತ್ತದೆ, ಅದೂ ಮಧ್ಯಾಹ್ನ ನಿದ್ದೆ ಮಾಡುತ್ತದೆ. ನಿಮ್ಮ ಕಡೆ ಇದಕ್ಕೆ ಏನು ಮಾಡುತ್ತೀರಿ, ಕೆಳಗೆ ಬರೆಯಿರಿ. ಉರುಳು ಅಂತ ಬರೆದರೆ ಅಳಿಸಿ ಹಾಕುತ್ತೇನೆ.